ಹಳೆಯ ಜೀಪಿನ ಸದ್ದು ಯಾವಾಗ ಬರುತ್ತದೆ?

ತಮ್ಮಾ, ಈಚೆಗೆ ನಮ್ಮ ಕಡೆಯ ಹುಡುಗರು ಹಳೆಯ ಫೋರ್ ವೀಲ್ ಜೀಪು, ಜಿಪ್ಸಿ ಹುಡುಕಿಕೊಂಡು ಊರೂರು ತಿರುಗುವುದು ಹೆಚ್ಚಾಗಿದೆ. ಒಬ್ಬನಿಗೆ ತೋಟದ ಇಳಿಜಾರಿನಿಂದ ಅಡಿಕೆ ಗೊನೆ ಮೇಲೆ ತರಬೇಕು, ಇನ್ನೊಬ್ಬನಿಗೆ ಹೋಂ ಸ್ಟೇಗೆ ಬಂದವರನ್ನು ಗುಡ್ಡ ಹತ್ತಿಸಬೇಕು, ಮತ್ತೊಬ್ಬನಿಗೆ ಅಜ್ಜ ಓಡಿಸುತ್ತಿದ್ದ ಗಾಡಿ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುವುದನ್ನು ನೋಡಲಾಗುವುದಿಲ್ಲ. ನನಗೆ ಇದು ಖುಷಿಯ ವಿಷಯ. ಗಾಡಿ ಮನೆಗೆ ಬಂದು ವಾರವಾಗುವಷ್ಟರಲ್ಲಿ ನೀವೆಲ್ಲ ಬಂದು ಕೇಳುವ ಪ್ರಶ್ನೆಯೂ ಒಂದೇ: "ಅಡಿಯಲ್ಲಿ ಏನೋ ಸದ್ದು ಬರ್ತಾ ಇದೆ, ಎಲ್ಲಿಂದ ಇರಬಹುದು?" ನಾನು ತಿರುಗಿ ಕೇಳುವುದೂ ಒಂದೇ. ಯಾವಾಗ ಬರುತ್ತದೆ?

ಎಲ್ಲಿಂದ ಎನ್ನುವುದರಲ್ಲಿ ಕಿವಿ ಸುಲಭವಾಗಿ ಮೋಸ ಹೋಗುತ್ತದೆ. ಚಾಸಿಸ್ ಪೂರ್ತಿ ಕಬ್ಬಿಣ, ಮೇಲಿನ ಬಾಡಿ ತಗಡು. ಮುಂದಿನ ಡಿಫರೆನ್ಷಿಯಲ್ ಹೌಸಿಂಗಿನಲ್ಲಿ ಹುಟ್ಟಿದ ಸದ್ದು ಕಬ್ಬಿಣದುದ್ದಕ್ಕೂ ಹರಿದು ಹಿಂದಿನ ಸೀಟಿನಡಿ ಕೇಳಿಸುತ್ತದೆ. ಅದನ್ನು ನಂಬಿ ಹಿಂದಿನ ಹೌಸಿಂಗ್ ಬಿಚ್ಚಿಸಿ ದುಡ್ಡು ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ. ಯಾವಾಗ ಎನ್ನುವುದಕ್ಕೆ ಈ ತೊಂದರೆ ಇಲ್ಲ. ಎಳೆಯುವಾಗಲೋ, ಬಿಟ್ಟಾಗಲೋ, ತಿರುಗಿಸುವಾಗಲೋ, ಫೋರ್ ವೀಲ್ ಲಿವರ್ ಹಾಕಿದಾಗಲೋ ಎನ್ನುವುದನ್ನು ಸರಿಯಾಗಿ ಹೇಳಿದರೆ ಸದ್ದಿನ ಮನೆ ಮುಕ್ಕಾಲು ಪಾಲು ಸಿಕ್ಕಿದ ಹಾಗೆ.

ನಮ್ಮ ಕಾರ್ಗಲ್ಲಿನಂಥ ಊರಿನಲ್ಲಿ ಇದನ್ನು ಕಲಿಯದೆ ಉಪಾಯವಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಹಳೆಯ ದಾರಿಗಳೆಷ್ಟೋ ನೀರಿನಡಿ ಹೋದವು. ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ ಸಾಗರಕ್ಕೆ ಬರಲು ಹೊಳೆಬಾಗಿಲಿನ ಲಾಂಚೇ ಗತಿಯಾಯಿತು. ಕತ್ತಲಾದ ಮೇಲೆ ಆಚೆ ದಡದಲ್ಲಿ ಗಾಡಿ ಕೆಟ್ಟರೆ ಬೆಳಗಾಗುವವರೆಗೆ ಮೆಕ್ಯಾನಿಕ್ ಬರುವಂತಿರಲಿಲ್ಲ. ಅಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಸೇತುವೆ ಬಂತು, ಆದರೆ ಘಾಟಿಗಳು ಇದ್ದಲ್ಲೇ ಇವೆ. ಹೊನ್ನಾವರಕ್ಕೆ ಮಾಲೆಮನೆ ಘಾಟಿ, ಭಟ್ಕಳಕ್ಕೆ ಕೋಗಾರು ಘಾಟಿ, ಹೊಸನಗರದವರಿಗೆ ಹುಲಿಕಲ್, ತೀರ್ಥಹಳ್ಳಿಯವರಿಗೆ ಆಗುಂಬೆ. ನಮ್ಮಲ್ಲಿ ಕರಾವಳಿಯ ಕಡೆ ಹೊರಟವರು ಯಾವ ದಾರಿ ಹಿಡಿದರೂ ಕೊನೆಗೆ ಇಳಿಯಲೇಬೇಕು.

ಸದ್ದು ಹುಡುಕುವ ಮೊದಲು ಗಾಡಿ ತೊಳೆ. ಇದನ್ನು ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ನಮ್ಮ ಕೆಂಪು ಮಣ್ಣು ರಿಮ್ಮಿನ ಒಳಗೆ ಒಂದು ಕಡೆ ಮೆತ್ತಿ ಒಣಗಿದರೆ ಗಾಲಿಯ ತೂಕ ಒಂದು ಬದಿಗೆ ವಾಲುತ್ತದೆ, ಐವತ್ತರ ವೇಗ ಬಂದಾಗ ಇಡೀ ಗಾಡಿ ನಡುಗುತ್ತದೆ. ಪ್ರೊಪೆಲ್ಲರ್ ಶಾಫ್ಟಿಗೆ ಮೆತ್ತಿದರೂ ಅಷ್ಟೇ. ಬ್ರೇಕ್ ಡ್ರಮ್ಮಿನ ಹಿಂದಿನ ತಟ್ಟೆಗೆ ಸಣ್ಣ ಕಲ್ಲು ಸಿಕ್ಕಿಕೊಂಡು ಕರಕರ ಅನ್ನುವುದು ಮಳೆಗಾಲದ ಮಾಮೂಲು. ತೊಳೆದ ಮೇಲೆ ಜಾಕಿ, ಹಾರೆ, ಕತ್ತಿ, ಸ್ಪ್ಯಾನರ್ ಡಬ್ಬ ಎಲ್ಲ ಇಳಿಸು. ಆಮೇಲೆ ನಾಲ್ಕೂ ಟಯರು ನೋಡು. ದೊಡ್ಡ ಕಟ್ಟಿನ ಮಡ್ ಟಯರು ಡಾಂಬರಿನ ಮೇಲೆ ಗುಂಯ್ ಎನ್ನುವುದು ಥೇಟ್ ಬೇರಿಂಗ್ ಹೋದ ಸದ್ದಿನ ಹಾಗೇ ಇರುತ್ತದೆ. ಪರೀಕ್ಷೆ ಸುಲಭ. ಡಾಂಬರಿನಿಂದ ಮಣ್ಣು ರಸ್ತೆಗೆ ಇಳಿದ ಕೂಡಲೇ ಸದ್ದಿನ ಜಾತಿ ಬದಲಾದರೆ ಅದು ಟಯರು. ಬೇರಿಂಗಿಗೂ ಹೌಸಿಂಗಿನೊಳಗಿನ ಕ್ರೌನ್ ಪಿನಿಯನ್ ಹಲ್ಲಿಗೂ ಕೆಳಗಿರುವುದು ಡಾಂಬರೋ ಮಣ್ಣೋ ಎಂಬ ಭೇದವಿಲ್ಲ.

ಈಗ ಸಮತಟ್ಟಾದ, ಜನ ಇಲ್ಲದ ರಸ್ತೆ ಹುಡುಕು. ತಾಳಗುಪ್ಪದ ಕಡೆಗೆ ಹೋದರೆ ಸಿಗುತ್ತದೆ. ನಲವತ್ತರಲ್ಲಿ ಹೋಗುತ್ತಾ ಸದ್ದು ಕೇಳಿಸಿದಾಗ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ ಹಾಗೇ ಓಡಲು ಬಿಡು, ಎಂಜಿನ್ ಆಫ್ ಮಾಡಬೇಡ. ಸದ್ದು ಎಂಜಿನ್ನಿನ ಜೊತೆ ಇಳಿದುಹೋದರೆ ಅದು ಎಂಜಿನ್, ಕ್ಲಚ್ ಅಥವಾ ಗೇರ್ ಬಾಕ್ಸಿನ ಮುಂಭಾಗದ್ದು. ಗಾಡಿಯ ವೇಗದ ಜೊತೆಗೇ ನಿಧಾನವಾಗುತ್ತಾ ಬಂದರೆ ಎಳೆತವನ್ನು ಮುಂದಿನ ಹಿಂದಿನ ಶಾಫ್ಟಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ ಗಾಲಿಯವರೆಗಿನ ಯಾವುದೋ ಒಂದು. ಈ ಪರೀಕ್ಷೆಯನ್ನು ಇಳಿಜಾರಿನಲ್ಲಿ ಮಾಡಕೂಡದು. ಘಾಟಿಯಲ್ಲಿ ನ್ಯೂಟ್ರಲ್ ಮಾಡಿದರೆ ಎಂಜಿನ್ನಿನ ಹಿಡಿತ ಹೋಗಿ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಡ್ರಮ್ ಕಾದು ಬ್ರೇಕ್ ಸೋಲುತ್ತದೆ. ಡೀಸೆಲ್ ಉಳಿಸಲು ಹಾಗೆ ಇಳಿಯುವವರು ಈಗಲೂ ಇದ್ದಾರೆ. ಅವರ ಜೊತೆ ಗಾಡಿ ಹತ್ತಬೇಡ.

ಇನ್ನೊಂದು ಪರೀಕ್ಷೆ ನಡಿಗೆಯ ವೇಗದ್ದು. ಹಳೆಯ ಜೀಪಿನ ಗಾಲಿ ಒಂದು ಸುತ್ತು ಹಾಕುವಾಗ ಶಾಫ್ಟ್ ಸುಮಾರು ಐದು ಸುತ್ತು ಹಾಕುತ್ತದೆ. ಹಳೆಯ ವಿಲ್ಲೀಸ್ ಮಾದರಿಯಲ್ಲಿ ಈ ಲೆಕ್ಕ 5.38. ಆಳು ನಡೆಯುವ ವೇಗದಲ್ಲಿ ಹೋಗುವಾಗ ಗಾಲಿಯ ಒಂದು ಸುತ್ತಿಗೆ ಒಂದೂವರೆ ಸೆಕೆಂಡಿನಷ್ಟು ಹಿಡಿಯುತ್ತದೆ, ಶಾಫ್ಟ್ ಮಾತ್ರ ಸೆಕೆಂಡಿಗೆ ಮೂರು ಸಲ ತಿರುಗುತ್ತದೆ. ತಮ್ಮನನ್ನೋ ತಂಗಿಯನ್ನೋ ಪಕ್ಕದಲ್ಲಿ ನಡೆಸು, ಸದ್ದನ್ನು ಎಣಿಸಲು ಹೇಳು. ಟಕ್... ಟಕ್... ಎಂದು ಬಿಡುವು ಕೊಟ್ಟು ಬಂದರೆ ಗಾಲಿ, ಹಬ್ಬು, ಡ್ರಮ್. ಕಿಚಕಿಚಕಿಚ ಎಂದು ಒಂದರ ಹಿಂದೆ ಒಂದು ಬಂದರೆ ಶಾಫ್ಟಿನ ಕ್ರಾಸ್. ಎಣಿಸಲು ಬರುವ ಎಂಥ ಮಗುವೂ ಮಾಡಬಹುದಾದ ಈ ಕೆಲಸವನ್ನು ಗ್ಯಾರೇಜಿಗೆ ಹೋಗುವ ಮುಂಚೆ ಯಾರೂ ಮಾಡುವುದಿಲ್ಲ.

ಕ್ರಾಸಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಘಾಟಿಯಲ್ಲಿ ಪ್ರಾಣಕ್ಕೆ ಬರುವ ಸದ್ದು ಇದೇ. ಶಾಫ್ಟಿನ ಎರಡೂ ತುದಿಯಲ್ಲಿ ಕೂಡಿಸುವ ಚಿಹ್ನೆಯ ಆಕಾರದ ಒಂದೊಂದು ಕಬ್ಬಿಣ, ಅದರ ನಾಲ್ಕು ತುದಿಗೂ ಒಂದೊಂದು ಕಪ್ಪು, ಕಪ್ಪಿನೊಳಗೆ ಸೂಜಿಯಂಥ ರೋಲರುಗಳು. ಜೀಪಿನಲ್ಲಿ ಹಿಂದೆ ಮುಂದೆ ಸೇರಿ ಎರಡು ಶಾಫ್ಟಿಗೆ ನಾಲ್ಕು ಕ್ರಾಸ್. ಮಾರುತಿ ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಇನ್ನೊಂದು ಗಿಡ್ಡ ಶಾಫ್ಟ್ ಇದೆ. ಹಾಗಾಗಿ ಅಲ್ಲಿ ಕೇಳಬೇಕಾದ ಜಾಗವೂ ಹೆಚ್ಚು. ನೀರು ದಾಟಿದ ಗಾಡಿಗೆ ಗ್ರೀಸ್ ಹೊಡೆಯದೆ ಬಿಟ್ಟರೆ, ಇಲ್ಲವೇ ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ಅಲ್ಲಾಡಿಸದೆ ನಿಲ್ಲಿಸಿದರೆ, ಆ ಸೂಜಿಗಳು ನಿಂತಲ್ಲೇ ತುಕ್ಕು ಹಿಡಿದು ಕ್ರಾಸಿನ ಮೇಲೆ ಗೆರೆ ಕೊರೆಯುತ್ತವೆ. ಮೊದಲು ಕಿಚಕಿಚ ಎಂಬ ಒಣ ಸದ್ದು, ನಿಧಾನಕ್ಕೆ ಹೋಗುವಾಗ ಮಾತ್ರ. ಕಪ್ಪಿನ ಅಂಚಿನಲ್ಲಿ ಅರಿಶಿನಗೆಂಪು ಪುಡಿ ಕಂಡರೆ ಒಳಗೆ ಗ್ರೀಸ್ ಉಳಿದಿಲ್ಲ ಎಂದೇ ಅರ್ಥ. ಆಮೇಲೆ ಆ ಕಿಚಕಿಚ ನಿಂತುಹೋಗುತ್ತದೆ. ಸರಿಹೋಯಿತು ಅಂದುಕೊಳ್ಳಬೇಡ, ಸೂಜಿ ಪುಡಿಯಾಗಿ ಜಾಗ ಸಡಿಲವಾಗಿದೆ. ಅಲ್ಲಿಂದ ಮುಂದೆ ರಿವರ್ಸಿನಿಂದ ಫಸ್ಟಿಗೆ ಹಾಕಿ ಕ್ಲಚ್ ಬಿಟ್ಟಾಗಲೆಲ್ಲ ಟಣ್ ಎಂಬ ಒಂದೇ ಹೊಡೆತ, ಆಮೇಲೆ ಓಡುವಾಗ ನಡುಕ, ಕೊನೆಗೆ ಕಪ್ಪು ಹಾರಿ ಶಾಫ್ಟ್ ಕೆಳಗೆ.

ಹಿಂದಿನ ಶಾಫ್ಟ್ ಬಿದ್ದರೆ ಏನಾಗುತ್ತದೆ ಗೊತ್ತೇ? ಮುಂದಿನ ತುದಿ ಕಳಚಿ ರಸ್ತೆಗೆ ನಾಟಿದರೆ ಓಡುವ ಗಾಡಿಯನ್ನು ಅದು ಎತ್ತಿ ಒಗೆಯಬಲ್ಲದು. ಹಾಗಾಗದಿದ್ದರೂ, ಫೋರ್ ವೀಲ್ ಹಾಕಿಲ್ಲದಿದ್ದರೆ, ಎಂಜಿನ್ನಿಗೂ ಗಾಲಿಗೂ ಸಂಬಂಧ ಕಡಿದು ಗೇರಿನ ಹಿಡಿತ ಆ ಕ್ಷಣಕ್ಕೇ ಹೋಯಿತು. ಹಳೆಯ ವಿಲ್ಲೀಸ್ ಕಟ್ಟಿನ ಜೀಪುಗಳಲ್ಲಿ ಇನ್ನೊಂದು ಅಪಾಯವಿದೆ, ಈಗಿನ ಕಾರು ಓಡಿಸಿ ಕಲಿತವರಿಗೆ ಅದು ಗೊತ್ತಿರುವುದಿಲ್ಲ. ಅವುಗಳ ಹ್ಯಾಂಡ್ ಬ್ರೇಕ್ ಗಾಲಿಯಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಶಾಫ್ಟ್ ಹೊರಡುವಲ್ಲಿ ಒಂದು ಡ್ರಮ್ ಇದೆ, ಹ್ಯಾಂಡ್ ಬ್ರೇಕ್ ಹಿಡಿಯುವುದು ಅದನ್ನು. ಶಾಫ್ಟ್ ಬಿತ್ತೆಂದರೆ ಹ್ಯಾಂಡ್ ಬ್ರೇಕೂ ಹೋಯಿತು. ಮಾಲೆಮನೆ ಘಾಟಿಯ ನಡುವೆ ಕಾಲಿನ ಬ್ರೇಕ್ ಒಂದೇ ಉಳಿಯುತ್ತದೆ. ಅದಕ್ಕೇ ಹೇಳುವುದು, ಟಣ್ ಎನ್ನುವ ಶಾಫ್ಟಿನ ಮುಂದೆ ಉಳಿದ ಸದ್ದುಗಳೆಲ್ಲ ಸಣ್ಣವು.

ಇದೇ ಕಾರಣಕ್ಕೆ ಜಾಕಿ ಹಾಕುವಾಗಲೂ ಎಚ್ಚರ ಬೇಕು. ಹಿಂದಿನ ಒಂದು ಗಾಲಿ ಎತ್ತಿದೆ, ಹ್ಯಾಂಡ್ ಬ್ರೇಕ್ ಎಳೆದಿದ್ದೇನೆ ಎಂದು ಅಡಿಗೆ ನುಗ್ಗಬೇಡ. ಶಾಫ್ಟ್ ಹಿಡಿದುಕೊಂಡಿದ್ದರೂ ಡಿಫರೆನ್ಷಿಯಲ್ ಎತ್ತಿದ ಗಾಲಿಯನ್ನು ಒಂದು ದಿಕ್ಕಿಗೆ, ನೆಲದ ಗಾಲಿಯನ್ನು ಇನ್ನೊಂದು ದಿಕ್ಕಿಗೆ ತಿರುಗಲು ಬಿಡುತ್ತದೆ, ಗಾಡಿ ಉರುಳುತ್ತದೆ. ನೆಲದ ಮೇಲಿರುವ ಗಾಲಿಗಳಿಗೆ ಹಿಂದೆ ಮುಂದೆ ದಪ್ಪ ಕಲ್ಲು ಕೊಡು, ಚಾಸಿಸಿನಡಿ ಮರದ ದಿಮ್ಮಿ ಇಡು, ಆಮೇಲೆ ಕೆಳಗೆ ಹೋಗು. ಎತ್ತಿದ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಪ್ಲೇ ಇದ್ದರೆ ಬೇರಿಂಗ್. ಮುಂದಿನ ಗಾಲಿಯಾದರೆ ಕಿಂಗ್ ಪಿನ್ನೂ ಇರಬಹುದು, ಬ್ರೇಕ್ ಒತ್ತಿ ಹಿಡಿದಾಗಲೂ ಆ ಪ್ಲೇ ಉಳಿದರೆ ಕಿಂಗ್ ಪಿನ್ನೇ. ಕ್ರಾಸ್ ನೋಡಲು ಶಾಫ್ಟನ್ನು ಒಂದು ಕೈಯಲ್ಲಿ, ಅದು ಕೂಡುವ ಫ್ಲಾಂಜನ್ನು ಇನ್ನೊಂದು ಕೈಯಲ್ಲಿ ಹಿಡಿದು ಎದುರುಬದುರು ತಿರುಚು. ಕ್ರಾಸಿನಲ್ಲಿ ಕೂದಲೆಳೆಯಷ್ಟೂ ಪ್ಲೇ ಇರಬಾರದು. ಪಿನಿಯನ್ನಿನಲ್ಲಿ ಕೊಂಚ ಇದ್ದೇ ಇರುತ್ತದೆ, ಅದಕ್ಕೆ ಗಾಬರಿ ಬೇಡ.

ಸ್ಟೀರಿಂಗ್ ತಿರುಗಿಸಿದಾಗ ಬರುವ ಸದ್ದು ಎರಡು ಬಗೆ. ವೇಗದಲ್ಲಿ ಹೋಗುವಾಗ ಎಡಕ್ಕೆ ವಾಲಿಸಿದರೆ ಭಾರ ಬಲಗಾಲಿಗಳ ಮೇಲೆ ಬೀಳುತ್ತದೆ. ಆಗ ಗುಂಯ್ ಎನ್ನುವುದು ಹೆಚ್ಚಾಗಿ, ಬಲಕ್ಕೆ ವಾಲಿಸಿದಾಗ ಕಡಿಮೆಯಾದರೆ ಬಲಬದಿಯ ಬೇರಿಂಗನ್ನು ಮೊದಲು ನೋಡು. ಅಂಗಳದಲ್ಲಿ ಪೂರ್ತಿ ತಿರುಗಿಸಿ ಫೋರ್ ವೀಲ್ ಹಾಕಿ ನಿಧಾನಕ್ಕೆ ಎಳೆದಾಗ ಕಟಕಟ ಎಂದರೆ ಮುಂದಿನ ಆಕ್ಸಲಿನ ತುದಿಯಲ್ಲಿ, ನಕಲ್ ಒಳಗಿರುವ ಜಾಯಿಂಟ್ ಸವೆದಿದೆ. ಬೇರಿಂಗ್ ಎಂಬ ಅನುಮಾನ ಬಂದರೆ ಕೈಯೂ ಸಾಕ್ಷಿ ಹೇಳುತ್ತದೆ. ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವಾಟಿನ ಹತ್ತು ಯಂತ್ರಗಳಿವೆ, ಅಷ್ಟು ದೊಡ್ಡ ಯಂತ್ರಕ್ಕೂ ಬೇರಿಂಗಿನ ಬಿಸಿ ಎಷ್ಟು ಎಂದು ನೋಡುತ್ತಲೇ ಇರಬೇಕು. ನೀನು ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ಹಬ್ಬಿನ ಹತ್ತಿರ ಅಂಗೈ ಹಿಂಭಾಗ ತಂದು ನೋಡು. ಮೂರು ಒಂದೇ ಸಮ, ಒಂದು ಮಾತ್ರ ಬಿಸಿ ಎಂದಾದರೆ ಅಲ್ಲಿ ಬೇರಿಂಗ್ ಬಿಗಿದಿದೆ ಅಥವಾ ಬ್ರೇಕ್ ಹಿಡಿದಿದೆ.

ಡಿಫರೆನ್ಷಿಯಲ್ಲಿನ ಸದ್ದು ಆಕ್ಸಿಲರೇಟರಿನ ಮಾತು ಕೇಳುತ್ತದೆ, ಗಾಲಿ ಬೇರಿಂಗ್ ಕೇಳುವುದಿಲ್ಲ. ಒಂದೇ ವೇಗದಲ್ಲಿ ಕಾಲು ಒತ್ತಿ ನೋಡು, ಬಿಟ್ಟು ನೋಡು. ಒತ್ತಿದಾಗ ಊಂ ಎಂದು ಕೊರೆದು, ಬಿಟ್ಟ ಕೂಡಲೇ ನಿಂತರೆ ಕ್ರೌನ್ ಪಿನಿಯನ್ ಹಲ್ಲಿನ ಎಳೆಯುವ ಮುಖ ಸವೆದಿದೆ. ಬಿಟ್ಟಾಗ ಮಾತ್ರ ಬಂದರೆ ಪಿನಿಯನ್ನಿನ ನಟ್ ಅಥವಾ ಬೇರಿಂಗ್ ಸಡಿಲವಾಗಿರುವ ಸಾಧ್ಯತೆ ಹೆಚ್ಚು. ಇದನ್ನು ಬೇಗ ಹಿಡಿದರೆ ಸಣ್ಣ ಖರ್ಚು, ಬಿಟ್ಟರೆ ಹಲ್ಲು ಮುರಿದು ಇಡೀ ಹೌಸಿಂಗಿನ ಕೆಲಸ. ಹಿಂದೆಯೋ ಮುಂದೆಯೋ ತಿಳಿಯದಿದ್ದರೆ ಮುಂದಿನ ಹಬ್ಬಿನಲ್ಲಿ ಫ್ರೀ ವೀಲ್ ಲಾಕ್ ಇದೆಯೇ ನೋಡು. ಲಾಕ್ ಇಲ್ಲದ ಗಾಡಿಯಲ್ಲಿ ಟೂ ವೀಲಿನಲ್ಲಿ ಹೋಗುವಾಗಲೂ ಮುಂದಿನ ಡಿಫರೆನ್ಷಿಯಲ್, ಶಾಫ್ಟ್ ಎಲ್ಲ ಸುಮ್ಮನೆ ತಿರುಗುತ್ತಲೇ ಇರುತ್ತವೆ, ಸದ್ದನ್ನೂ ಮಾಡುತ್ತವೆ. ಲಾಕ್ ಇದ್ದರೆ ಬಿಡಿಸಿ ಓಡಿಸು, ಸದ್ದು ಹೋದರೆ ತಪ್ಪು ಮುಂದಿನದು. ಇಲ್ಲದಿದ್ದರೆ ಮುಂದಿನ ಶಾಫ್ಟ್ ಬಿಚ್ಚಿ ಟೂ ವೀಲಿನಲ್ಲಿ ಓಡಿಸಿ ನೋಡಬಹುದು, ಆದರೆ ಅದರಿಂದ ತಿಳಿಯುವುದು ಶಾಫ್ಟಿನ ಸದ್ದು ಮಾತ್ರ, ಮುಂದಿನ ಡಿಫರೆನ್ಷಿಯಲ್ ಗಾಲಿಯ ಜೊತೆ ತಿರುಗುತ್ತಲೇ ಇರುತ್ತದೆ. ದಾರಿಯಲ್ಲಿ ಹಿಂದಿನ ಕ್ರಾಸ್ ಕೈಕೊಟ್ಟಾಗಲೂ ಇದೇ ಉಪಾಯ ತಿರುವುಮುರುವಾಗಿ ಬರುತ್ತದೆ. ಹಿಂದಿನ ಶಾಫ್ಟ್ ಬಿಚ್ಚಿ ಒಳಗಿಟ್ಟು, ಫೋರ್ ವೀಲ್ ಹಾಕಿ, ಮುಂದಿನ ಗಾಲಿಯ ಎಳೆತದಲ್ಲೇ ನಿಧಾನಕ್ಕೆ ಸಮತಟ್ಟು ದಾರಿಯಲ್ಲಿ ಮನೆ ಸೇರಬಹುದು. ಹ್ಯಾಂಡ್ ಬ್ರೇಕನ್ನು ನಂಬಬೇಡ ಎನ್ನುವುದು ನೆನಪಿರಲಿ. ನಿಲ್ಲಿಸಿದಲ್ಲೆಲ್ಲ ಗಾಲಿಗೆ ಕಲ್ಲು.

ಫೋರ್ ವೀಲ್ ಹಾಕಿದಾಗ ಮಾತ್ರ ಗಾಡಿ ಬಿಗಿಯುತ್ತದೆ, ತಿರುವಿನಲ್ಲಿ ಕುಪ್ಪಳಿಸುತ್ತದೆ, ಲಿವರ್ ವಾಪಸ್ ಬರುವುದಿಲ್ಲ ಎಂದು ಒಬ್ಬ ಹುಡುಗ ಗಾಬರಿಯಿಂದ ಬಂದಿದ್ದ. ಗೇರ್ ಬಾಕ್ಸ್ ಇಳಿಸಬೇಕು ಎಂದು ಯಾರೋ ಹೇಳಿ ಕಳಿಸಿದ್ದರು. ಒಣ ಡಾಂಬರಿನ ಮೇಲೆ ಹಾಕಿಕೊಂಡು ಓಡಿಸಿದ್ದ, ಅಷ್ಟೇ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ದೂರ ಹೋಗುತ್ತದೆ. ಈ ಗಾಡಿಗಳಲ್ಲಿ ಮುಂದಿನ ಹಿಂದಿನ ಆಕ್ಸಲುಗಳ ನಡುವೆ ಆ ವ್ಯತ್ಯಾಸ ನುಂಗುವ ಮೂರನೆಯ ಡಿಫರೆನ್ಷಿಯಲ್ ಇಲ್ಲ. ಕೆಸರಿನಲ್ಲಾದರೆ ಗಾಲಿ ಜಾರಿ ಸರಿಹೋಗುತ್ತದೆ, ಒಣ ಡಾಂಬರಿನಲ್ಲಿ ಜಾರದೆ ಶಾಫ್ಟು ಹಲ್ಲುಗಳೆಲ್ಲ ತಿರುಚಿ ಬಿಗಿದು ನಿಲ್ಲುತ್ತವೆ. ನೇರಕ್ಕೆ ಸ್ವಲ್ಪ ರಿವರ್ಸ್ ತೆಗೆದರೆ ಬಿಗಿ ಬಿಡುತ್ತದೆ, ಲಿವರ್ ತಾನಾಗಿ ಬರುತ್ತದೆ. ಹಿಂದೆ ಹೊಸ ಟಯರು, ಮುಂದೆ ಸವೆದ ಟಯರು ಹಾಕಿದ್ದರೂ ಇದೇ ಕಾಟ. ಫೋರ್ ವೀಲ್ ಗಾಡಿಗೆ ನಾಲ್ಕೂ ಒಂದೇ ಅಳತೆಯ ಟಯರು ಬೇಕು. ನೀನು ಕೊಂಡದ್ದು ಆಲ್ ವೀಲ್ ಡ್ರೈವ್ ಡಸ್ಟರಿನಂಥ ಗಾಡಿಯಾದರೆ ಇದು ಇನ್ನೂ ಮುಖ್ಯ. ಅಲ್ಲಿ ಹಿಂದಿನ ಗಾಲಿಗೆ ಶಕ್ತಿ ಕಳಿಸುವ ಕಪ್ಲಿಂಗ್ ಟಯರಿನ ವ್ಯತ್ಯಾಸದಿಂದಲೇ ಕಾದು ಹಾಳಾಗುತ್ತದೆ. ಅಂಥ ಗಾಡಿ ಕೆಟ್ಟಾಗ ಎರಡು ಗಾಲಿ ಎತ್ತಿ ಎಳೆಸಬೇಡ, ನಾಲ್ಕೂ ಗಾಲಿ ಲಾರಿಯ ಮೇಲೆ ಬರಲಿ.

ಸದ್ದು ಯಾವ ಬದಿಯದು ಎಂದು ತಿಳಿಯಲು ನಮ್ಮ ದಾರಿಗಳೇ ಸಹಾಯ ಮಾಡುತ್ತವೆ. ಎತ್ತರದ ಧರೆಯ ಪಕ್ಕದಲ್ಲಿ ಕಿಟಕಿ ತೆಗೆದು ನಿಧಾನಕ್ಕೆ ಹೋಗು, ಧರೆ ಸದ್ದನ್ನು ವಾಪಸ್ ಕೊಡುತ್ತದೆ. ಹೋಗುವಾಗ ಎಡಬದಿ ಕೇಳಿಸಿದರೆ ಬರುವಾಗ ಬಲಬದಿ. ಗಾಡಿ ನಿಂತು ಎಂಜಿನ್ ಓಡುತ್ತಿರುವಾಗ ಬರುವ ಸದ್ದಿಗೆ ಉದ್ದ ಸ್ಕ್ರೂ ಡ್ರೈವರಿನ ತುದಿಯನ್ನು ಗೇರ್ ಬಾಕ್ಸಿಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸು. ತಿರುಗುವ ಶಾಫ್ಟಿನಿಂದ, ಬೆಲ್ಟಿನಿಂದ ದೂರವಿರು. ಲುಂಗಿ, ಶಾಲು, ಸಡಿಲ ತೋಳು ಬೇಡ. ತಂಗಿ, ನೀನು ಮಾಡುವುದಾದರೆ ಜಡೆ ಮೇಲೆ ಕಟ್ಟಿಕೊಂಡೇ ಬಾ.

ಎಣ್ಣೆ ನೋಡದೆ ಯಾವ ತೀರ್ಮಾನಕ್ಕೂ ಬರಬೇಡ. ಎರಡು ಹೌಸಿಂಗ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ನಾಲ್ಕೂ ಕಡೆ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಹಾಕು. ಎಣ್ಣೆ ಬೆರಳಿಗೆ ತಾಗಬೇಕು. ಹಾಲು ಬೆರೆಸಿದ ಬಣ್ಣ ಬಂದಿದ್ದರೆ ನೀರು ಹೊಕ್ಕಿದೆ. ಕಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಹೌಸಿಂಗಿನ ಮೇಲಿರುವ ಸಣ್ಣ ಬ್ರೀದರ್ ಕೆಸರಿನಿಂದ ಮುಚ್ಚಿದ್ದರಂತೂ ಬಿಸಿಯಾದಾಗ ಎಣ್ಣೆ ಹೊರಗೆ, ತಣ್ಣಗಾದಾಗ ನೀರು ಒಳಗೆ. ಮಳೆಗಾಲದ ಮುಂಚೆ ಬ್ರೀದರ್ ಬಿಚ್ಚಿ ಊದಿ ಹಾಕುವುದಕ್ಕೆ ಒಂದು ಪೈಸೆ ಖರ್ಚಿಲ್ಲ. ಬೆರಳಿಗೆ ನುಣ್ಣನೆಯ ಬೂದು ಕೆಸರು ಹತ್ತಿದರೆ ಸಹಜ ಸವೆತ, ಚೂರು ಹತ್ತಿದರೆ ಗಾಡಿ ಓಡಿಸಬೇಡ. ಕೊಳ್ಳುವ ಮುಂಚೆಯೇ ಈ ಬೆರಳಿನ ಪರೀಕ್ಷೆ ಮಾಡು. ಸದ್ದು ಅಡಗಿಸಲು ಎಣ್ಣೆಗೆ ಮರದ ಹೊಟ್ಟು ಕಲಸಿ ಮಾರುವ ಮೋಸ ಬಹಳ ಹಳೆಯದು.

ಇಷ್ಟಾದ ಮೇಲೆ ಗ್ಯಾರೇಜಿಗೆ ಹೋಗು. ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗು: ಯಾವ ವೇಗದಲ್ಲಿ, ಒತ್ತಿದಾಗಲೋ ಬಿಟ್ಟಾಗಲೋ, ಯಾವ ಕಡೆ ತಿರುಗಿಸಿದಾಗ, ಟೂ ವೀಲೋ ಫೋರ್ ವೀಲೋ, ತಣ್ಣಗಿದ್ದಾಗಲೋ ಕಾದ ಮೇಲೋ. ಡಿಫರೆನ್ಷಿಯಲ್ ಹೋಗಿದೆ ಎಂದು ನೀನೇ ತೀರ್ಪು ಕೊಟ್ಟರೆ ಪಾಪ ಅವನು ಅದನ್ನೇ ಬಿಚ್ಚುತ್ತಾನೆ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಈ ಗಾಡಿಗಳನ್ನು ಕಣ್ಣು ಮುಚ್ಚಿ ಜೋಡಿಸಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಅಂಥವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸು. ಅವರು ಏನು ಗಮನಿಸುತ್ತಾರೆ ನೋಡು, ಕೇಳು, ಕಲಿ. ಅವರ ಕೆಲಸಕ್ಕೆ ಚೌಕಾಸಿ ಮಾಡಬೇಡ.

ಗ್ರೀಸ್ ಗನ್ ಒಂದು ಮನೆಯಲ್ಲಿರಲಿ. ನೀರು ದಾಟಿದ ದಿನ ಸಂಜೆಯೇ ಕ್ರಾಸಿಗೂ ಸ್ಲಿಪ್ ಜಾಯಿಂಟಿಗೂ ಹಳೆಯ ಗ್ರೀಸ್ ಹೊರಬರುವವರೆಗೆ ಹೊಸದು ಹೊಡೆ. ನಿನ್ನ ಗಾಡಿಯ ಅಳತೆಯ ಕ್ರಾಸ್ ಒಂದು ಟೂಲ್ ಡಬ್ಬದಲ್ಲಿರಲಿ. ಕ್ಲಚ್ ಬಿಟ್ಟಾಗ ಟಣ್ ಎಂದರೆ ಆವತ್ತು ಮದುವೆ ಇರಲಿ, ಟೂರಿಸ್ಟು ಕಾಯುತ್ತಿರಲಿ, ಘಾಟಿ ಇಳಿಯಬೇಡ. ಬಸ್ಸಿಗೆ ಹೋಗು. ಗಾಡಿ ಅಂಗಳದಲ್ಲಿ, ಗಾಲಿಗೆ ಕಲ್ಲು ಕೊಟ್ಟುಕೊಂಡು ನಿಂತಿರಲಿ.